ಗಂಟೆಗೆ ಹದಿನೈದು ಗಂಟು

ಹರಿದ ಗಾಳಿಚೀಲವನ್ನು ಸ್ಕೂಟರಿನ ಹಿಂದೆ ಬಿಗಿದುಕೊಂಡು
ಚಳ್ಳಕೆರೆಯ ನನ್ನ ಅಂಗಡಿಗೆ ಬಂದ ಓಬಳೇಶ,
ಕಾವಲಿನಾಚೆ ವಿಮಾನದ ಬಯಲಲ್ಲಿ ಸ್ಟೋರು ನೋಡುವವನು.
‘ಇಂಥದ್ದೇ ಇನ್ನೊಂದು, ಅಕ್ಕ. ನಾಡಿದ್ದು ಹಾರಾಟ ಐತೆ.
ಕಂಪನಿಯಿಂದ ಬರಾಕೆ ಮೂರು ತಿಂಗಳಂತೆ.’

ಕಿತ್ತಳೆ, ಬಿಳಿ, ಕಿತ್ತಳೆ, ಬಿಳಿ, ಕಿತ್ತಳೆ.
ಆನೆಗೆ ಪೈಜಾಮ ಹೊಲಿದು ಒಂದೇ ಕಾಲು ಉಳಿದ ಹಾಗೆ,
ಎರಡು ಕಡೆಯೂ ಬಾಯಿ.
‘ಎಷ್ಟು ಗಾಳಿ ಹಿಡಿಸ್ತದೆ?’
‘ಹಿಡಿಸಬಾರದು, ದಾಟಿ ಹೋಗಬೇಕು.
ಗಂಟೆಗೆ ಹದಿನೈದು ನಾಟ್ ಬೀಸಿದರೆ ನೆಟ್ಟಗೆ ನಿಲ್ಲಬೇಕು.’
‘ನಾಟ್ ಅಂದರೆ?’
‘ಗಂಟು.’

ಮೂವತ್ತು ವರ್ಷ ದಾರದ ತುದಿಗೆ ಗಂಟು ಹಾಕಿದವಳು,
ಗಾಳಿಗೂ ಹಾಕುತ್ತಾರೆಂದು ತಿಳಿದದ್ದು ಅವತ್ತು.

ಅವನು ಕೊಟ್ಟ ಹಾಳೆಯಲ್ಲಿ
ಬಾಯಿ ಅರವತ್ತು ಸೆಂಟಿಮೀಟರ್, ಉದ್ದ ಎಂಟು ಅಡಿ;
ಮುನಿಸಿಕೊಂಡ ಬೀಗರು ಒಂದೇ ಪಂಕ್ತಿಯಲ್ಲಿ.
ನನಗೇನು, ನನ್ನ ಟೇಪಿಗೆ ಎರಡು ಮುಖ.
ಮೂಲೆಯಲ್ಲಿ ಮಾವನ ಗಜಕೋಲೂ ಇದೆ.
ಮೀಟರ್ ಬಂದ ವರ್ಷ ಅದನ್ನು ಒಲೆಗಿಡಲಿಲ್ಲ ಸಿಂಪಿ ತುಳಜಪ್ಪ,
ನಾಲ್ಕೂವರೆ ಬೆರಳಿನ ತುಂಡು ತಂದು
ತುದಿಗಿಟ್ಟು ಮೊಳೆ ಹೊಡೆದ.
ಗಜ ಎಂದವರಿಗೆ ಮೊಳೆಯ ತನಕ,
ಮೀಟರ್ ಎಂದವರಿಗೆ ಕೊನೆಯ ತನಕ.
ಮೊಳದ ಲೆಕ್ಕ ಕೇಳಿ ಬಂದ ಮುದುಕಿಯರಿಗೆ
‘ನಿನ್ನ ಕೈಯೇ ಚಾಚವ್ವ’ ಎನ್ನುತ್ತಿದ್ದ.

ಚೀಲ ಕಟ್ಟಲು ನಾನೇ ಹೋದೆ.
ಗೇಟಿನಲ್ಲಿ ಫೋನು ಇಸಕೊಂಡರು, ಟೇಪು ಬಿಟ್ಟರು.
ಹವಾಮಾನದ ಹುಡುಗಿ ಪ್ರಿಸಿಲ್ಲ, ದಾವಣಗೆರೆಯವಳು,
ಕಂಬದ ಕೆಳಗೆ ನಿಂತು ಪಾಠ ಒಪ್ಪಿಸಿದಳು:
ಓಡುವ ದಾರಿ ಮೀಟರಿನಲ್ಲಿ, ಎಣ್ಣೆ ಕಿಲೋದಲ್ಲಿ,
ಗಾಳಿ ಗಂಟಿನಲ್ಲಿ. ‘ಗಂಟೆಗೆ ಅನ್ನಬಾರದು ಆಂಟಿ,
ಗಂಟಿನೊಳಗೇ ಗಂಟೆ ಇದೆ.’
ಎತ್ತರ ಮಾತ್ರ ಅಡಿಯಲ್ಲಿ.

‘ಮೇಲೆ ಹೋದದ್ದು ಅಡಿ ಹೇಗಾಯ್ತು?’
‘ಅಡಿ ಅಂದರೆ ಪಾದ.’
‘ಯಾರ ಪಾದ?’
‘ಯಾರೋ ದೊರೆಯದಂತೆ.’
‘ಹಾರಿದ್ದನೇನು?’
‘ಇಲ್ಲ.’

ಕೆಲವು ದೇಶದ ಆಕಾಶದಲ್ಲಿ ಮೀಟರಂತೆ.
ಗಡಿ ಬಂದಾಗ ವಿಮಾನ ಪಟ್ಟಿ ನೋಡಿಕೊಂಡು
ಹೊಸಿಲು ದಾಟುವವರ ಹಾಗೆ ತುಸು ಏರುತ್ತದೆ, ಇಲ್ಲ ಇಳಿಯುತ್ತದೆ.
‘ಎಲ್ಲ ಒಂದೇ ಮಾಡಿದರಾಗದೇ?’
‘ಹಾಗಾದರೆ ಲೋಕದ ವಿಮಾನವೆಲ್ಲ
ಒಂದು ಗಳಿಗೆ ಕೆಳಗಿಳಿಯಬೇಕು, ಆಂಟಿ.
ಎಷ್ಟೊಂದು ಜನ ಮೇಲಿದ್ದಾರೆ.’

ಮೊಳೆ ಹೊಡೆಯುವಾಗ ಮಾವನಿಗೆ ಗಿರಾಕಿ ಇರಲಿಲ್ಲ,
ಅದು ಅಮಾವಾಸ್ಯೆಯ ಮಧ್ಯಾಹ್ನ.
ಆಕಾಶಕ್ಕೆ ರಜೆ ಯಾವತ್ತು?

ಗಾಳಿ ಎದ್ದಿತು. ನನ್ನ ಹೊಲಿಗೆ ಒಂದೊಂದೇ ಉಬ್ಬಿತು.
ಪಟ್ಟಿಗೆ ಮೂರು ಗಂಟಿನ ಲೆಕ್ಕ;
ಎರಡು ಪಟ್ಟಿ ಎದ್ದು ನಿಂತವು, ಮೂರನೆಯದು ಯೋಚಿಸುತ್ತಿತ್ತು.
‘ಏಳು’ ಎಂದಳು ಪ್ರಿಸಿಲ್ಲ, ಯಂತ್ರ ನೋಡುವ ಮೊದಲೇ.
ಒಳಗೆ ಒಂದು ಪಾದವೂ ಇಲ್ಲದ ವಿಮಾನ
ಹುಲ್ಲಿನ ಮೇಲೆ ನೆರಳೆಳೆದುಕೊಂಡು ಓಡಿ
ಎರಡು ಸಾವಿರ ಅಡಿ ಏರಿತು.

ಸಂಜೆ ಓಬಳೇಶ ಬಿಲ್ಲಿನ ಹಾಳೆ ಚಾಚಿದ.
ಅಳತೆಯ ಕಾಲಮ್ಮಿನಲ್ಲಿ ಮೀಟರ್, ಅಡಿ, ಕಿಲೋ ಎಂದು ಅಚ್ಚಾಗಿತ್ತು,
ಬೇಡದ್ದಕ್ಕೆ ಗೀಟು ಹಾಕಬೇಕು.
ಮೂರಕ್ಕೂ ಹಾಕಿದೆ.
ಪಕ್ಕದಲ್ಲಿ ಬರೆದೆ:
ಒಂದು ನಗ.