ಎಡಗಾಲಿನ ಕಾಲ್ಮರಿ

ಇಲಿ ತಿಂದದ್ದು ಎಡಗಾಲಿಂದು ಅಷ್ಟೇ.
ಬಲಗಾಲಿಂದು ಹಂಗ ಐತಿ,
ಜರಿ ಉದುರಿಲ್ಲ, ಮೂಗು ಮುರಿದಿಲ್ಲ,
ತಂಬಾಕಿನ ಎಲಿ, ಬಜಿ ಬೇರು, ಕರ್ಪೂರದ ನಡುವ
ಎಪ್ಪತ್ತು ವರ್ಷದಿಂದ ಮಲಗೇತಿ.

ದೊರಸಾನಿ ಹಿತ್ತಲ ಬಾಗಿಲಿಗೆ ಕರೆಸಿದಳು.
ಪೀರಸಾಬ ಕೀಲಿ ತಗದ.
ಲಿಂಗಸುಗೂರಿನ ಬೇಕರಿಯವರು ಮಾರಿದ ಗಾಜಿನ ಪೆಟ್ಟಿಗಿ,
ಮೂಲ್ಯಾಗ ಇನ್ನೂ ‘ದಿಲ್‌ಪಸಂದ್’ ಅಂತ ಕೆಂಪಕ್ಷರ.
ಅದರೊಳಗ ಅಡಿವೆಪ್ಪನಾಯಕ ದೊರಿ ಉಳಿದದ್ದು ಇಷ್ಟು:
ಕನ್ನಡಕ, ಒಂದು ಕಡ್ಡಿಗೆ ದಾರ ಸುತ್ತಿದ್ದು.
ಅಡಕೊತ್ತು.
ಕೊರಳಪಟ್ಟಿ ಬೆವರಿಗೆ ಹಳದಿಯಾದ ಶೇರವಾನಿ.
ನೀರಿಲ್ಲದ ಲೋಟದಾಗ ಹಲ್ಲಿನ ಸೆಟ್ಟು,
ಯಾರು ಬಂದರೂ ನಕ್ಕಂಗ.

“ಅಮಾಸಿಗೆ ಮಂದಿ ಬಂದು ಹಣಿ ಹಚ್ಚತಾರ,
ಒಂಟಿಗಾಲಿನ ದೊರಿನ್ನ ಹೆಂಗ ತೋರಸಲಿ?
ನಿಮ್ಮುತ್ಯಾ ಅಯ್ಯಾಳಪ್ಪ ಹೊಲದದ್ದು ಇದು.
ಹುಸೇನಪ್ಪ, ಜೋಡಿ ಮಾಡಿ ಕೊಡು. ಹಳೇದು ಕಾಣಬೇಕು.
ಇಲ್ಲಿ ಆರು ಕಿವಿ ಅದಾವ, ಏಳನೇದಕ್ಕ ಬೀಳಬಾರದು.”

ಮನಿಗೆ ತಂದು ಅಂಗೈಯಾಗ ಹೊಳ್ಳಿಸಿ ನೋಡಿದೆ.
ಉತ್ಯಾನ ಹೊಲಿಗಿನ ಹೌದು:
ಏಳು ಗಂಟಿಗೊಂದು ಸುಳ್ಳು ಗಂಟು,
ಯಾರ ಕಾಲಿಗೆ ಹೋದರೂ ಅದು ನಮ್ಮ ರುಜು.
ಆದರ ಅಟ್ಟಿ ಬ್ಯಾರೆನ ಮಾತು ಹೇಳಿತು.
ಹಿಮ್ಮಡದ ಹೊರಗಿನ ಅಂಚು ಪೂರಾ ಸವದೇತಿ,
ಮೈಭಾರ ಎಲ್ಲಾ ಇದರ ಮ್ಯಾಲೇ ಬಿಟ್ಟಾನ,
ಅಂದಮ್ಯಾಲೆ ಎಡಗಾಲು ಎಳಿತಿದ್ದ.
ಲಾವಣಿಯಾಗ ಅವ ಕುದುರಿ ಮ್ಯಾಲೆ ಕೋಟಿ ಹಾರ್ಯಾನ.
ಕುಂಟತಿದ್ದ ಅಂತ ಯಾರೂ ಹಾಡಿಲ್ಲ.

ಎಂಟು ದಿನ ಕುಂತು ಹೊಲದೆ.
ಚಹಾದ ಡಿಕಾಕ್ಷನ್, ಹುಣಸಿ ನೀರು, ಬೂದಿ, ಮುದಗಲ್ಲಿನ ಬಿಸಲು:
ಬಣ್ಣ ಬಂತು, ವಯಸ್ಸು ಬರಲಿಲ್ಲ.
“ವಯಸ್ಸು ಬರೂದು ಕಾಲಿನಿಂದ” ಅಂದ ಪೀರಸಾಬ,
“ಹಾಕ್ಕೊಂಡು ಅಡ್ಡಾಡು. ವಾಡೇದ ಅಂಗಳದಾಗ ಮತ್ತ,
ರಾತ್ರಿ. ಹೊರಗಿನ ಮಣ್ಣು ಬ್ಯಾರೆ ಬಣ್ಣ ಹಿಡಿತೇತಿ.”

ಈ ಅಂಗಳ.
ಅಗಸಿ ದಾಟಿದ ಕೂಡಲೆ ಒಂದು ಹಾಸುಗಲ್ಲು ಐತಿ.
ಉತ್ಯಾ ಅಲ್ಲಿ ತನ್ನ ಕೆರ ಬಿಚ್ಚಿ ಬಗಲಾಗ ಇಟಗೊಂಡು
ಕಾದ ಕಲ್ಲಿನ ಮ್ಯಾಲೆ ಕುಣಕೊಂತ ಹೋಗತಿದ್ದನಂತ.
ದೊರಿ ಪಾದ ಮುಟ್ಟಂಗಿಲ್ಲ.
ಅವ ಬೂದಿ ಮ್ಯಾಲೆ ಹೆಜ್ಜಿ ಊರಿ ಸರಿದ ಮ್ಯಾಲೆ
ಆ ಹೆಜ್ಜಿಗೆ ಕಡ್ಡಿ ಹಿಡದು ಅಳೀತಿದ್ದ.

ಮೂರು ತಿಂಗಳು,
ಎಡಗಾಲಾಗ ದೊರಿ, ಬಲಗಾಲಾಗ ನಾನು.
ಅವ ನಡದಂಗ ನಡೀಬೇಕು,
ಇಲ್ಲಾಂದ್ರ ಜೋಡಿ ಕೂಡಂಗಿಲ್ಲ.
ಮದಲನೇ ರಾತ್ರಿ ಹಾಸುಗಲ್ಲಿಗೆ ಬಂದೆ ನೋಡು,
ಯಾರೂ ಹೇಳಲಿಲ್ಲ,
ಕೈ ತಾನ ಬಗ್ಗಿ ಬಿಚ್ಚಾಕ ಹೋತು.
ಪೀರಸಾಬ ಕಂದೀಲು ಆ ಕಡೆ ತಿರುವಿ ಹಿಡದ.

ಎರಡನೇ ತಿಂಗಳಿಗೆ ಹಗಲೊತ್ತೂ ಕುಂಟತೊಡಗಿದೆ.
ಸಂತ್ಯಾಗ ಹುಡುಗುರು ಹಿಂದಿಂದ ಅಣಕಿಸಿದವು.
ಹುಲಿಗೆಮ್ಮ ಎಣ್ಣಿ ಬಿಸಿ ಮಾಡಿ ಮಣಕಾಲು ತಿಕ್ಕತ
“ಯಾವ ಕಲ್ಲು ಎಡವಿದಿ?” ಅಂದಳು.
ಏಳನೇ ಕಿವಿ.
ಸುಮ್ಮನಿದ್ದೆ.

ಅಮಾಸಿಗೆ ಜೋಡಿ ಪೆಟ್ಟಿಗ್ಯಾಗ ಕುಂತಿತು.
ಊರ ಹಿರೇರು ಒಬ್ಬೊಬ್ಬರ ಬಗ್ಗಿ ಹಣಿ ಹಚ್ಚಿದರು.
“ಎಡಗಾಲಿಂದ ಹೆಚ್ಚು ಸತ್ಯುಳ್ಳದ್ದು,
ಮುಟ್ಟಿದರ ಮೈ ಝುಮ್ ಅಂತೈತಿ” ಅಂದ ಒಬ್ಬ ಮುದುಕ,
ನಮ್ಮ ಕೇರಿ ನೀರು ಇನ್ನೂ ಮುಟ್ಟದವ.
ನಾನು ಹಿಂದ, ಕಂಬಕ್ಕ ಆನಿ ನಿಂತಿದ್ದೆ.
ಅಷ್ಟು ಮಂದಿ ಹಣಿ ಇಟ್ಟ ಕಡೆ
ನನ್ನ ಅಂಗಾಲು ಸಣ್ಣಗ ಬೆವರಿತು.

ಕುಂಟು ಇನ್ನೂ ಹೋಗಿಲ್ಲ.
ರಾಯಚೂರಿನ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡದು
ಎಲುಬಿನಾಗ ಏನೂ ಇಲ್ಲ ಅಂದರು.
ಇದೂ ಅವರ ಮನಿ ಸಾಮಾನ,
ಎಲ್ಲಿ ಇಡಬೇಕಂತ ದೊರಸಾನಿ ಹೇಳಿಲ್ಲ.
ಬಜಿ ಬೇರಿಲ್ಲ, ಕರ್ಪೂರಿಲ್ಲ,
ಕೆಡದಂಗ ಐತಿ.