ಎಂಬತ್ತೇಳು ಜಿಪ್ಪು

ನನ್ನ ಕೆಲಸ ಸುಲಭ: ಎಲ್ಲರಿಗಿಂತ ಹಿಂದೆ ಬರುವುದು.
ಕ್ಲಬ್ಬಿನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಸಮಯ ಬರೆಯುವುದಿಲ್ಲ, ‘ಬಾಲ’ ಅಂತ ಬರೆಯುತ್ತಾರೆ.
ಯಾರೂ ಕೊನೆಯವರಾಗಬಾರದು ಅಂತ
ಒಬ್ಬನನ್ನು ಕೊನೆಗೆ ನೇಮಿಸಿದ್ದಾರೆ,
ವಾರವಿಡೀ ಮನೆಮನೆಯ ಕರೆಂಟ್ ಮೀಟರ್ ಓದುವ ನನ್ನನ್ನು.

ಭಾನುವಾರ, ಬೆಳಗಿನ ಐದೂವರೆ.
ಬಳ್ಳಾರಿ ಗುಡ್ಡ ನಿನ್ನೆಯ ಬಿಸಿಲನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.
ಬಂಡೆಗೆ ಬೆನ್ನು ಕೊಟ್ಟು ನಿಂತರೆ ಸಾಕು
ಅಂಗಿ ಇಸ್ತ್ರಿಯಾಗುತ್ತದೆ.
ನಮ್ಮೂರಿಗೆ ಎರಡೇ ಕಾಲ, ಬೇಸಿಗೆ, ಬಿರುಬೇಸಿಗೆ
ಎಂಬ ಹಳೇ ಚಟಾಕಿಗೆ ಯಾರೂ ನಗಲಿಲ್ಲ,
ಉಸಿರು ಉಳಿಸಿಕೊಳ್ಳುತ್ತಿದ್ದರು.

ಇವತ್ತಿನದು ಅಂದಾಜಿನ ಓಟ.
ಕಾಲುವೆಯ ಸೇತುವೆ ಮುಟ್ಟಿ ವಾಪಸ್ಸು, ಐದು ಕಿಲೋಮೀಟರು.
ವಾಚು, ಮೊಬೈಲು ಎಲ್ಲಾ ಎರ್ರಿಸ್ವಾಮಿಯ ಚೀಲಕ್ಕೆ.
ತಾನೇ ಹೇಳಿದ ಸಮಯಕ್ಕೆ ಯಾರು ಹತ್ತಿರವೋ
ಅವರಿಗೊಂದು ಸ್ಟೀಲಿನ ಟಿಫಿನ್ ಡಬ್ಬಿ.
ಪಂಪಾಪತಿ ಹತ್ತೊಂಬತ್ತು ನಿಮಿಷ ಅಂದ.
ಹಲ್ಲಿನ ಡಾಕ್ಟರು ಮಲ್ಲನಗೌಡರು ಮೂವತ್ತೊಂದು.
ಹುಲುಗಪ್ಪ ಮೇಷ್ಟ್ರು, ‘ದೇವರು ಇಟ್ಟಂಗೆ.’
‘ಅಂಕಿ ಹೇಳ್ರಿ ಸಾರ್,’ ಅಂದ ಎರ್ರಿಸ್ವಾಮಿ, ಪೆನ್ನು ಎತ್ತಿ ಹಿಡಿದು.
ಮಾಬುನ್ನಿ ಎರಡನೆಯ ಸಲ ಬಂದವಳು,
ಮಗಳ ಶಾಲೆಯ ಬಿಳಿ ಬೂಟು, ಚೂಡಿದಾರದ ಮೇಲೆ ಗಂಡನ ಶರ್ಟು.
‘ಐವತ್ತೆಂಟು.’
ಯಾರೋ ಕಿಸಕ್ಕೆಂದರು. ನಡೆದರೂ ಅಷ್ಟೇ ಆಗುತ್ತದಲ್ಲ!

ಎರ್ರಿಸ್ವಾಮಿ ತಟ್ಟೆ ಬಡಿದ.
ಅದಿರಿನ ಲಾರಿ ಹಾಸಿಹೋದ ಕೆಂಪು ಧೂಳು
ನಲವತ್ತು ಜೋಡಿ ಕಾಲಿಗೆ ಎದ್ದು
ನನ್ನ ಮತ್ತು ಮಾಬುನ್ನಿಯ ಮೇಲೆ ಕೂತಿತು.
ಒಂದು ನಾಯಿ ಜೊತೆಗೆ ಬಂತು,
ಪೆಟ್ರೋಲ್ ಬಂಕಿನ ತನಕ ಬಂದು, ಬೇಸತ್ತು, ಹಿಂದಿರುಗಿತು.

ಅವಳು ಓಡುತ್ತಾಳೆ, ನಡೆಯುತ್ತಾಳೆ, ಮತ್ತೆ ಓಡುತ್ತಾಳೆ,
ತುಟಿ ಮಾತ್ರ ನಿಲ್ಲುವುದಿಲ್ಲ.
ಜಪವೇ ಇರಬೇಕು ಅಂದುಕೊಂಡು ಸುಮ್ಮನಿದ್ದೆ.
ಸೇತುವೆಯ ಹತ್ತಿರ ‘ನಲವತ್ಮೂರು’ ಅಂದದ್ದು ಕಿವಿಗೆ ಬಿತ್ತು.
‘ಏನು ಎಣಿಸ್ತೀರಿ?’
‘ಜಿಪ್ಪು.’
ಕೌಲ್‌ಬಜಾರಿನ ಜೀನ್ಸ್ ಶೆಡ್ಡಿನಲ್ಲಿ
ಒಂದು ಪ್ಯಾಂಟಿನ ಜಿಪ್ಪು ಕೂರಿಸಲು ನಲವತ್ತು ಸೆಕೆಂಡು.
ಹನ್ನೊಂದು ವರ್ಷ. ಕೈ ನಿಂತರೂ ಒಳಗೆ ಮೆಷಿನ್ನು ನಿಲ್ಲುವುದಿಲ್ಲ ನೋಡ್ರಿ,
ಅಂದಳು, ಉಗುರಿನ ನೀಲಿ ತೋರಿಸಿ.
‘ಮಾತಾಡಿಸಬ್ಯಾಡ್ರಿ, ಲೆಕ್ಕ ತಪ್ತದ.’

ಅಂಕಿಯನ್ನೇ ತಿಂದು ಬದುಕುವ ನಾನು
ಬಾಯಿ ಮುಚ್ಚಿ ಅವಳ ಹಿಂದೆ ನಡೆದೆ.
ಕಾಲುವೆಯ ನೀರು ನಮಗಿಂತ ಜೋರಾಗಿ ಹೋಗುತ್ತಿತ್ತು.
ಬಿಸಿಲು ಬಂತು,
ನೆಂಟರ ಹಾಗಲ್ಲ, ಮನೆ ಯಜಮಾನನ ಹಾಗೆ.

ಮೈದಾನದಲ್ಲಿ ಬ್ಯಾನರು ಮಡಚಿಯಾಗಿತ್ತು.
ಒಗ್ಗಾಣಿ ಬಕೆಟ್ಟಿನ ತಳ ಕಂಡಿತ್ತು, ಮಿರ್ಚಿ ಮೆತ್ತಗಾಗಿತ್ತು.
ಹತ್ತೊಂಬತ್ತು ಸೆಕೆಂಡಿನ ವ್ಯತ್ಯಾಸದಲ್ಲಿ ಗೆದ್ದ ಡಾಕ್ಟರು
ಬಹುಮಾನದ ಡಬ್ಬಿಯಲ್ಲೇ ಉಣ್ಣುತ್ತಿದ್ದರು.
ಸುಣ್ಣದ ಗೆರೆಯನ್ನು ಯಾರೋ ಅರ್ಧ ತುಳಿದು ಅಳಿಸಿದ್ದರು.
ಇದ್ದ ಅರ್ಧವನ್ನು ನೋಡಿ ದಾಟಿದಳು:
‘ಎಂಬತ್ತೇಳು.’

ಎರ್ರಿಸ್ವಾಮಿ ಗಡಿಯಾರ ನೋಡಿದ,
ಪುಸ್ತಕ ಬಿಚ್ಚಿದ, ಮತ್ತೆ ಗಡಿಯಾರ ನೋಡಿದ.
ಐವತ್ತೆಂಟು ನಿಮಿಷ, ಮೇಲೆ ನಾಲ್ಕು ಸೆಕೆಂಡು.
ಡಾಕ್ಟರ ಕೈ ಬಾಯಿಗೂ ಡಬ್ಬಿಗೂ ನಡುವೆ ನಿಂತಿತು.
‘ಇರ್ಲಿ ಬಿಡ್ರಿ,’ ಅಂದಳು ಮಾಬುನ್ನಿ, ಬೂಟಿನ ಧೂಳು ಕೊಡವುತ್ತ,
‘ಉಂಡು, ತೊಳದು ಕೊಡ್ರಿ.’
ಆಮೇಲೆ ನನ್ನ ಕಡೆ ತಿರುಗಿ,
‘ಆ ನಾಲ್ಕು ಸೆಕೆಂಡು ನೀವು ಮಾತಾಡಿಸಿದ್ದು.’

ಮಂಗಳವಾರ ಆ ಶೆಡ್ಡಿನ ಮೀಟರ್ ನನ್ನ ಪಾಲಿಗಿತ್ತು.
ಅರವತ್ತು ಮೆಷಿನ್ನುಗಳ ಗದ್ದಲದಲ್ಲಿ ರೀಡಿಂಗ್ ಬರೆದುಕೊಂಡೆ.
ಮೂರನೇ ಸಾಲಿನಲ್ಲಿ ಅವಳು ತಲೆ ಎತ್ತಲಿಲ್ಲ,
ತುಟಿ ಅಲ್ಲಾಡುತ್ತಿತ್ತು.
ಈ ಸಲ ಅವಳು ಎಲ್ಲಿದ್ದಳೋ, ಸೇತುವೆ ದಾಟಿದ್ದಳೋ, ಇಲ್ಲವೋ,
ಕೇಳಲಿಲ್ಲ ನಾನು.