ಅರವತ್ತೊಂದನೆಯವಳಿಗೆ

ಬೋನಿನೊಳಗೆ ಮತ್ತೆ ನೀನೇ, ಒಪಾಸಮ್ ಅಜ್ಜಿ.
ಎಡಗಿವಿಯಲ್ಲಿ ತಗಡಿನ ಓಲೆ, ಓಲೆಯ ಮೇಲೆ ಅರವತ್ತೊಂದು.
ಹೆಗ್ಗಣಕ್ಕೆ ಯಾರೋ ಬಿಳಿ ಮುಖವಾಡ ತೊಡಿಸಿ ಮರೆತು ಹೋದ ಮೋರೆ.
ಮೀನಿನ ಡಬ್ಬಿ ನೆಕ್ಕಿ ಮುಗಿಸಿ, ನನ್ನ ಟಾರ್ಚು ಕಂಡದ್ದೇ ತಡ
ಸತ್ತಂತೆ ಬಿದ್ದಿದ್ದೀಯ, ನಾಲಗೆ ಹೊರಗೆ.
ಸಾಯಿ, ಸಾಯಿ. ನನಗೇನೂ ಅವಸರವಿಲ್ಲ.
ದೋಣಿ ಬಿಡುವುದು ಎಂಟೂವರೆಗೆ.

ಲುವೀನಿಯಾ ಅಂತ ನನ್ನ ಹೆಸರು.
ಎರಡು ಚಳಿಗಾಲದ ಪರಿಚಯ, ಇದು ಮೂರನೆಯದು,
ಹೇಳಿಕೊಂಡಿರಲಿಲ್ಲ, ಅಷ್ಟೆ.
ಅಗೋ ಆ ದಡ, ಜೌಗು ದಾಟಿದರೆ ಜಾರ್ಜಿಯಾದ ನೆಲ.
ಅಲ್ಲಿ ನಿನ್ನ ವಾರಗೆಯವಳು
ಒಬ್ಬಳೂ ಉಳಿದಿಲ್ಲ.

ಅಲ್ಲಿ ಗೂಬೆ, ನರಿ, ಕಾಡುಬೆಕ್ಕು,
ಹೆದ್ದಾರಿಯಲ್ಲಿ ಪೀಚ್ ಹಣ್ಣಿನ ಲಾರಿ.
ಅಲ್ಲಿಯ ತಾಯಿ ಮೊದಲ ವಸಂತಕ್ಕೇ ಎಂಟು ಹೆರುತ್ತಾಳೆ,
ಅವು ಚೀಲದಿಂದ ಇಳಿದವೋ ಇಲ್ಲವೋ
ಇನ್ನೊಂದು ಸೂಲಿಗೆ ಮೈ ಸಜ್ಜು.
ಗಾಳಿ ಬಂದಾಗ ತೂರಿಕೊಳ್ಳುವ ಬಾಳು;
ನಾಳೆಯ ಗಾಳಿಯ ಮಾತು ಯಾರು ಕೊಟ್ಟಾರು?
ಎರಡನೆಯ ವಸಂತಕ್ಕೆ ಕಣ್ಣಿಗೆ ಪೊರೆ, ಕಾಲಿಗೆ ನಡುಕ.
ಗೂಬೆ ಒಯ್ಯದಿದ್ದರೂ ಸಾಯುತ್ತಾಳೆ.
ನನಗೆ ಅರಗದ್ದು ಇದೇ ನೋಡು:
ಕೊಲ್ಲುವವನು ಬಾರದಿದ್ದರೂ ಮೈಯೆಂಬುದು
ಅವನು ಬಂದು ಹೋದನೆಂದೇ
ಲೆಕ್ಕ ಬರೆದಿಟ್ಟಿರುತ್ತದೆ.

ವಿಶ್ವವಿದ್ಯಾಲಯದ ಹುಡುಗ ಆನ್ಸೆಲ್ ನಿನ್ನ ಬಾಲದಿಂದ
ಕೂದಲಿಗಿಂತ ಸಣ್ಣ ನಾರೊಂದನ್ನು ತೆಗೆದ, ನೆನಪಿದೆಯಾ?
ಇರದು. ನೀನು ಆಗಲೂ ಸತ್ತಿದ್ದೆ.
ಬಿಸಿನೀರಲ್ಲಿ ಇಳಿಬಿಟ್ಟು, ತುದಿಗೆ ಚಿಟಿಕೆ ಭಾರ ಕಟ್ಟಿ,
ಅದು ಹರಿಯುವವರೆಗೆ ಗಡಿಯಾರ ನೋಡುತ್ತ ಕೂತ.
ಮುಪ್ಪಾದಷ್ಟೂ ನಾರು ಬಿಗಿ, ಹರಿಯುವುದು ತಡವಂತೆ.
ನಿನ್ನದು ಬೇಗ ಹರಿಯಿತು. ಹುಡುಗ ಕುಣಿದ:
ಇವಳಿನ್ನೂ ಎಳೆಯವಳು!
ಹರಿದದ್ದಕ್ಕೆ ಹಿಗ್ಗುವ ಮಂದಿಯನ್ನು
ಅಂದೇ ಮೊದಲು ಕಂಡೆ.

ಈ ದ್ವೀಪದಲ್ಲಿ ನಿನ್ನನ್ನು ಹಿಡಿಯುವವರಿಲ್ಲ, ನನ್ನ ಹೊರತು.
ಐದೇ ಐದು ಹೆರುತ್ತೀಯ. ಮಿಕ್ಕದ್ದನ್ನು
ಮೈಯೊಳಗೇ ಎತ್ತಿಡುತ್ತೀಯ ಮುಂದಿನ ವರ್ಷಕ್ಕೆ,
ಹುಲ್ಲಿನ ಬುಟ್ಟಿಯಲ್ಲಿ ನನ್ನವ್ವ
ಕೆಂಪು ಅಲಸಂದೆಯ ಬೀಜ ಮುಚ್ಚಿಟ್ಟ ಹಾಗೆ.
ಅವ್ವ ಯೋಚಿಸಿ ಇಟ್ಟಳು. ನೀನು ಯೋಚಿಸಲಿಲ್ಲ.
ಸಾವಿರಾರು ವರ್ಷ ಇಲ್ಲಿ, ಯೋಚಿಸದೆಯೇ ಎತ್ತಿಟ್ಟವರ
ಮೊಮ್ಮಗಳು ನೀನು, ಅಷ್ಟೇ.

ನನ್ನ ತಂಗಿ ಟೇಮಾರ್ ಹದಿನಾರಕ್ಕೆ ಆ ದಡ ಸೇರಿದಳು.
ಇಪ್ಪತ್ತೇಳಕ್ಕೆ ಐದು ಮಕ್ಕಳು,
ಏಡಿ ಸುಲಿಯುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ,
ನಲವತ್ತೆಂಟಕ್ಕೆ ಎದೆ ನಿಂತಿತು.
ನನಗೆ ಎಪ್ಪತ್ತೊಂದು. ಹೆತ್ತದ್ದಿಲ್ಲ.
ಇದನ್ನು ಕೇಳಿ ಆನ್ಸೆಲ್ ಪುಸ್ತಕ ತೆರೆದ, ಪೆನ್ನು ತೆಗೆದ.
ಮುಚ್ಚು, ಅಂದೆ.
ಅವಳು ಹೋದದ್ದು ಟ್ರಂಪೆಟ್ ಊದುವವನೊಬ್ಬನ ಹಿಂದೆ,
ಚಪ್ಪಲಿ ಕೈಯಲ್ಲಿ ಹಿಡಿದು, ನಗುನಗುತ್ತ.
ಯಾವ ನಾರಿನಲ್ಲಿ ಅಳೆಯುತ್ತೀಯಪ್ಪ ಅದನ್ನು?
ಹುಡುಗ ಒಳ್ಳೆಯವನು. ಕೆಂಪಾದ.

ಮೊನ್ನೆ ಪೈನ್ ಮರಗಳಿಗೆ ಗುಲಾಬಿ ಪಟ್ಟಿ ಸುತ್ತಿದ್ದಾರೆ.
ಸೇತುವೆ ಬರುತ್ತದಂತೆ.
ಮೊದಲು ಕಾರು ಬರುತ್ತದೆ, ಕಾರಿನ ಹಿಂದೆ ನರಿ,
ಅದಕ್ಕೂ ಮೊದಲು ಕಂದಾಯದ ನೋಟೀಸು, ಅದು ಬಂದಾಯಿತು.
ನಿನಗೇನೂ ಆಗದು. ನಿನ್ನ ಲೆಕ್ಕ ಮುಗಿಯುತ್ತ ಬಂತು, ನನ್ನದೂ.
ನಿನ್ನ ಮರಿಮಕ್ಕಳ ಮರಿಮಕ್ಕಳು ಅವಸರ ಕಲಿಯಬೇಕು.
ಕಲಿಯುವುದೆಂದರೆ
ನಿಧಾನದವರು ಒಬ್ಬೊಬ್ಬರಾಗಿ ರಸ್ತೆಗೆ ಬೀಳುವುದು,
ಉಳಿದವರನ್ನು ಜಾಣರೆನ್ನುವುದು.

ಬಾಗಿಲು ತೆರೆದಿದ್ದೇನೆ, ಏಳು.
ನಾಲಗೆ ಇನ್ನೂ ಹೊರಗೇ.
ಕಿವಿ ಮಾತ್ರ, ಆ ಓಲೆಯ ಕಿವಿ,
ಒಂದಿಷ್ಟು ಅಲುಗಿತು.
ಕಂಡೆ ಬಿಡು.

ದೋಣಿ ಹಾರ್ನ್ ಹಾಕುತ್ತಿದೆ.
ಹಾಕಲಿ.